ಸತ್ಯಾಂಶ: ಗೋದಲಿಯ ಬಳಿಗೆ ಅಂದು ಬಂದವರು ರಾಜರೇ?

ಯೇಸು ಹುಟ್ಟಿದ ರಾತ್ರಿಯೇ ಮೂವರು ರಾಜರು ಗೋದಲಿಯ ಬಳಿ ಚಿನ್ನ ಅರ್ಪಿಸಿದ್ದರಿಂದ ಆ ಜನನ ರಾಜವೈಭವದ್ದೇ ಆಗಿತ್ತೆಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಬೈಬಲಿನ ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಬರುವವರು ಮೂಡಣ ದೇಶದ ಜೋಯಿಸರು; ಕಾಣಿಕೆಗಳು ಮೂರಾದರೂ ಅವರೆಷ್ಟು ಮಂದಿಯೆಂದು ಅಲ್ಲಿ ಹೇಳಿಲ್ಲ, ಅವರು ಮಗುವನ್ನು ಕಂಡದ್ದು ಮನೆಯೊಂದರಲ್ಲಿ. ಗೋದಲಿಯ ಬಳಿಗೆ ಬಂದವರು, ಲೂಕನ ಸುವಾರ್ತೆಯ ಪ್ರಕಾರ, ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದ ಕುರುಬರು. ಗೋದಲಿಯಲ್ಲಿ ಮಲಗಿದ ಕೂಸೇ ರಕ್ಷಕನ ಗುರುತೆಂದು ದೇವದೂತನು ತಿಳಿಸಿದ್ದು ಅವರಿಗೆ. ಮುಂದೆ ಯೆರೂಸಲೇಮಿನ ದೇವಾಲಯದಲ್ಲಿ, ಯೇಸುವಿನ ಹೆತ್ತವರು ಅರ್ಪಿಸಬೇಕಾಗಿದ್ದ ಬಲಿಯಾಗಿ, ಕುರಿಮರಿ ತರಲಾಗದ ಬಡವರಿಗೆ ಹಳೆಯ ಒಡಂಬಡಿಕೆಯ ಯಾಜಕಕಾಂಡವೆಂಬ ಗ್ರಂಥ ಅನುಮತಿಸಿದ್ದ ಜೋಡಿ ಹಕ್ಕಿಗಳನ್ನೇ ಲೂಕನು ಉಲ್ಲೇಖಿಸುತ್ತಾನೆ. ಬಹುಮಂದಿ ಗಮನಿಸದೆ ದಾಟುವ ಈ ವಿವರವೇ ನನಗೆ ಅತ್ಯಂತ ಮಹತ್ವದ್ದೆನಿಸುತ್ತದೆ. ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪ ಧರಿಸಿದನೆಂಬ, ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಅಪೊಸ್ತಲ ಪೌಲನು ಪತ್ರದಲ್ಲಿ ಬರೆದ ಮಾತಿನ ಬೆಳಕಿನಲ್ಲಿಯೇ ಕ್ರೈಸ್ತರು ಈ ಬಡತನವನ್ನು ದೇವರ ಸ್ವಂತ ಆಯ್ಕೆಯೆಂದು ನಂಬುತ್ತಾರೆ.