ಎಷ್ಟು ಮಿಲಿಮೀಟರ್, ಸಾರ್?

ತುಮಕೂರಿನ ವಸಂತನರಸಾಪುರದಲ್ಲಿ ಯಾವ ಕಾರ್ಖಾನೆ ಎಂದು ಮಾತ್ರ ಕೇಳಬೇಡಿ. ಹೆಸರು ಹೇಳದಿದ್ದರೂ ನಾಲ್ಕೈದು ಕಡೆಯವರು ಹೆಗಲು ಮುಟ್ಟಿ ನೋಡಿಕೊಂಡಾರು.

ಏಪ್ರಿಲ್ 2, ವಿಶ್ವ ಆಟಿಸಂ ಜಾಗೃತಿ ದಿನ. ಆಟಿಸಂ ಎಂದರೆ ಸದ್ದು, ಬೆಳಕು, ಮಾತುಕತೆಗಳನ್ನು ಮಿದುಳು ಬೇರೆ ಬಗೆಯಲ್ಲಿ ಗ್ರಹಿಸುವ ಹುಟ್ಟುಗುಣ. ಗೇಟಿನಿಂದ ಕ್ಯಾಂಟೀನಿನವರೆಗೆ ನೀಲಿ ಬಲೂನು, ಶಾಮಿಯಾನ, ಆಳೆತ್ತರದ ಸೌಂಡ್ ಬಾಕ್ಸು. ಜೋರು ಸದ್ದಿಗೆ ಸಂಕಟಪಡುವವರನ್ನು ಗೌರವಿಸಲು ಡಿಜೆಗಿಂತ ಯೋಗ್ಯವಾದದ್ದು ಇನ್ನೇನಿದೆ! ಇದ್ದೊಬ್ಬ ಆಟಿಸ್ಟಿಕ್ ಹುಡುಗನಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಮುಂಚೆ ಒಂದು ಮಾತೂ ಹೇಳದೆ ಕೈಗೆ ಮೈಕು ಕೊಟ್ಟು ‘ನಾಕು ಮಾತಾಡಪ್ಪ’ ಎಂದರು. ಅವನು ಎರಡೂ ಕಿವಿ ಮುಚ್ಚಿಕೊಂಡು ಬೈಕ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ‘ಟೀಮ್ ಸ್ಪಿರಿಟ್ ಸಾಲದು’ ಎಂದು ಅವನ ಫೈಲಿಗೆ ಅದೇ ದಿನ ಷರಾ ಬಿತ್ತು.

ಅವನು ಕೆಲಸಕ್ಕೆ ಸೇರಿದ್ದೇ ಒಂದು ಪವಾಡ. ಪ್ಲಾಸ್ಟಿಕ್ ಬಿಡಿಭಾಗದ ಮೇಲೆ ಗೀರು ಇದೆಯೋ ಇಲ್ಲವೋ ನೋಡುವ ಕೆಲಸಕ್ಕೆ ಜಾಹೀರಾತು ಕೇಳಿದ್ದು ‘ಅತ್ಯುತ್ತಮ ಸಂವಹನ ಕೌಶಲ, ಮಲ್ಟಿಟಾಸ್ಕಿಂಗ್, ಹಸನ್ಮುಖ’. ಗೀರಿನ ಜೊತೆ ಯಾರು ಹರಟೆ ಹೊಡೆಯಬೇಕೋ ತಿಳಿಯದು. ಸಂದರ್ಶನದಲ್ಲಿ ‘ಐದು ವರ್ಷದಲ್ಲಿ ಎಲ್ಲಿರುತ್ತೀರಿ’ ಎಂಬ ಪ್ರಶ್ನೆ. ‘ಗೊತ್ತಿಲ್ಲ’ ಎನ್ನುವವನು ಫೇಲು, ‘ನಿಮ್ಮ ಕುರ್ಚಿಯಲ್ಲಿ ಸಾರ್’ ಎನ್ನುವವನು ಪಾಸು. ಇದರ ಬದಲು 100 ಪೀಸಿನಲ್ಲಿ 8 ಕೆಟ್ಟವನ್ನು ಬೆರೆಸಿ, ಏನು ನೋಡಬೇಕೆಂದು ಕಾಗದದಲ್ಲಿ ಬರೆದುಕೊಟ್ಟು, ಎಸಿ ಕ್ಯಾಬಿನ್ನಿನಲ್ಲಲ್ಲ, ಉತ್ಪಾದನಾ ಲೈನಿನ ಜಾಗದಲ್ಲೇ ಕೂರಿಸಿ ಅರ್ಧ ಗಂಟೆ ಬಿಟ್ಟರೆ ಸಾಕು. ಎಷ್ಟು ಕೆಟ್ಟದ್ದು ತಪ್ಪಿಸಿಕೊಂಡಿತು, ಎಷ್ಟು ಒಳ್ಳೆಯದು ತಿರಸ್ಕಾರವಾಯಿತು, ಎರಡನ್ನೂ ಎಣಿಸಬೇಕು. ಎಲ್ಲವನ್ನೂ ತಿರಸ್ಕರಿಸುವವನೂ ಎಂಟಕ್ಕೆ ಎಂಟು ಹಿಡಿಯುತ್ತಾನಲ್ಲ! ಆದರೆ ಹಾಗೆ ಮಾಡಿದರೆ ಎಚ್‌ಆರ್‌ಗೆ ಕೆಲಸವೇನು?

ಇನ್ನು ಲೈನಿಗೆ ಬನ್ನಿ. ಸೂಪರ್‌ವೈಸರ್ ಸಾಹೇಬರ ಆದೇಶ: ‘ಒಂಚೂರು ಗೀರಿದ್ರೆ ಬಿಟ್ಬಿಡು, ಜಾಸ್ತಿ ಇದ್ರೆ ಪಕ್ಕಕ್ಕೆ ಹಾಕು.’ ಹುಡುಗ ಕೇಳಿದ: ‘ಒಂಚೂರು ಅಂದ್ರೆ ಎಷ್ಟು ಮಿಲಿಮೀಟರ್, ಸಾರ್?’ ಅಷ್ಟೇ, ಅಧಿಕಪ್ರಸಂಗಿ ಪಟ್ಟ. ಆ ಪ್ರಶ್ನೆಗೆ ಕಾರ್ಖಾನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ ಎಂಬುದು ಬೇರೆ ವಿಷಯ. ಎ ಶಿಫ್ಟಿನ ‘ಒಂಚೂರು’ ಸಿ ಶಿಫ್ಟಿನಲ್ಲಿ ‘ಜಾಸ್ತಿ’ ಆಗುತ್ತಿತ್ತು, ಗಿರಾಕಿಯ ಬಳಿ ಹೋದಾಗ ‘ರಿಜೆಕ್ಟ್’ ಆಗಿ ಲಾರಿ ಹತ್ತಿ ವಾಪಸು ಬರುತ್ತಿತ್ತು. ಮದ್ದು ಸಣ್ಣದು: ಒಪ್ಪಬಹುದಾದ ಕೊನೆಯ ಗೀರಿನ ಪೀಸು ಒಂದು, ಒಪ್ಪಬಾರದ ಮೊದಲ ಗೀರಿನ ಪೀಸು ಒಂದು, ಎರಡನ್ನೂ ಬೋರ್ಡಿಗೆ ಅಂಟಿಸಿ, ಅಳತೆ ಬರೆದು, ಮೇಜಿನ ಮುಂದೆ ತೂಗುಹಾಕುವುದು. ಅದರಿಂದ ಉಪಕಾರ ಅವನೊಬ್ಬನಿಗಲ್ಲ, ಇಡೀ ಲೈನಿಗೆ. ಎಲ್ಲ ಅರ್ಥವಾದಂತೆ ತಲೆಯಾಡಿಸುವವರ ನಡುವೆ, ಅರ್ಥವಾಗಲಿಲ್ಲ ಎನ್ನುವ ಒಬ್ಬನಿದ್ದರೆ ಎಷ್ಟು ಲಾಭ ಎಂಬುದು ಆ ಲಾರಿ ಬಾಡಿಗೆ ಕಟ್ಟಿದವರಿಗೆ ಗೊತ್ತು. ಆದರೆ ಬೋರ್ಡಿನ ಜೊತೆ ಫೋಟೊ ಚೆನ್ನಾಗಿ ಬರುವುದಿಲ್ಲ.

ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ಚಡಪಡಿಕೆಯ ಗುಣ, ಇರುವ ಇನ್ನೊಬ್ಬನ ಮೇಲೆ ದೂರು: ಎರಡು ಗಂಟೆ ಒಂದೇ ಕಡೆ ಕೂರುವುದಿಲ್ಲ. ಒಂದೇ ಬಗೆಯ ಪೀಸನ್ನು ಅರ್ಧ ಗಂಟೆ ದಿಟ್ಟಿಸಿದ ಮೇಲೆ ಯಾರ ಗಮನವಾದರೂ ಜಾರುತ್ತದೆ. ಅವನು ಎದ್ದು ನಿಂತು ಅದನ್ನು ತೋರಿಸುತ್ತಾನೆ, ಮಿಕ್ಕವರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಾರೆ. ಅರ್ಧ ಗಂಟೆಗೊಮ್ಮೆ ನೋಡುವವನನ್ನೂ ಪ್ಯಾಕ್ ಮಾಡುವವನನ್ನೂ ಅದಲುಬದಲು ಮಾಡಲು ಖರ್ಚು ಸೊನ್ನೆ. ತಲೆಯ ಮೇಲಿನ ಹಳೇ ಚೋಕಿನ ಟ್ಯೂಬ್‌ಲೈಟು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕೆಲವರ ತಲೆ ಸಿಡಿಯುತ್ತದೆ. ಬದಲಿಸಿ ಎಂದರೆ ‘ಬಜೆಟ್ ಇಲ್ಲ’. ಕಿವಿಗೆ ಇಯರ್ ಮಫ್ ಸ್ಟೋರಿನಲ್ಲೇ ಇದೆ, ಆದರೆ ಅದು ಪ್ರೆಸ್ ಶಾಪಿನವರಿಗೆ ಮಾತ್ರವಂತೆ. ಶಿಫ್ಟ್ ಬದಲಾವಣೆಯೋ, ಭಾನುವಾರ ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ಪಿನಲ್ಲಿ. ತಿಂಗಳ ಪಟ್ಟಿ ಮೊದಲೇ ಹಾಕಿದರೆ ಆಕಾಶ ಕಳಚಿ ಬೀಳುತ್ತದೆ ಎಂದು ನಂಬಿಕೆ.

ಇಷ್ಟಾದರೂ ಎಂಡಿ ಸಾಹೇಬರಿಗೆ ಬೇಕಿರುವುದು ಅದ್ಭುತ ಪ್ರತಿಭೆ. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಸ್ಯಾಪ್ 2013ರಲ್ಲಿ ಆಟಿಸಂ ಇರುವವರನ್ನು ಸೇರಿಸಿಕೊಳ್ಳುವ ಕಾರ್ಯಕ್ರಮ ಘೋಷಿಸಿತು. ಅದಕ್ಕೂ ಮುಂಚಿನ ಪ್ರಯೋಗ ನಡೆದದ್ದು ಇಲ್ಲೇ ಪಕ್ಕದ ಬೆಂಗಳೂರಿನಲ್ಲಿ, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ. ಇದನ್ನು ಎಲ್ಲೋ ಓದಿದ ಸಾಹೇಬರು, ಹುಡುಗನನ್ನು ಕರೆದು 1987ರ ಆಗಸ್ಟ್ 14 ಯಾವ ವಾರ ಎಂದು ಕೇಳಿದರು. ಅವನು ‘ಫೋನಲ್ಲಿ ನೋಡಿ’ ಎಂದ. ನಿರಾಸೆಯೋ ನಿರಾಸೆ.

ಕಾಗದಪತ್ರಕ್ಕೇನೂ ಕೊರತೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಎಡಿಎಚ್‌ಡಿಯವನು ಕೇಳಿದರೆ ‘ವಿಕಲಚೇತನರ ಕಾರ್ಡ್ ತಗೊಂಡ್ ಬಾ’. ಟ್ಯೂಬ್‌ಲೈಟ್ ಬದಲಿಸಲು ಕಾರ್ಡ್ ಬೇಕೆಂದು ಯಾವ ಕಾನೂನು ಹೇಳಿದೆಯೋ! 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ಸಮಾನ ಅವಕಾಶ ನೀತಿ ಪ್ರಕಟಿಸಿ, ಅದನ್ನು ನೋಡಿಕೊಳ್ಳಲು ಒಬ್ಬ ಸಂಪರ್ಕ ಅಧಿಕಾರಿಯನ್ನು ನೇಮಿಸಬೇಕು ಎಂಬುದು 2017ರ ನಿಯಮ. ನಮ್ಮವರು ಚಾಚೂ ತಪ್ಪದೆ ಪಾಲಿಸಿದ್ದಾರೆ. ನೀತಿಯನ್ನು ಸಣ್ಣಕ್ಷರದ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ, ಗಾಜಿನ ಚೌಕಟ್ಟಿನಲ್ಲಿಟ್ಟು, ಲೈನಿನವರು ಕಾಲಿಡದ ಆಡಳಿತ ಕಚೇರಿಯ ಎರಡನೇ ಮಹಡಿಯಲ್ಲಿ ತೂಗುಹಾಕಿದ್ದಾರೆ. ಸಂಪರ್ಕ ಅಧಿಕಾರಿ ಎಂದು ಅದರಲ್ಲಿರುವ ಹೆಸರಿನವರು ಕೆಲಸ ಬಿಟ್ಟು ಹೋಗಿ ಎರಡು ದೀಪಾವಳಿ ಕಳೆದಿವೆ.