ಮೂರು ಕೊಟೇಶನ್, ಒಂದೇ ಶಟರ್

ನಮ್ಮ ಬೀದಿಯಲ್ಲಿ ನಗರಪಾಲಿಕೆಯ ನಿವೃತ್ತ ಗುಮಾಸ್ತರೊಬ್ಬರಿದ್ದಾರೆ. ಯಾವ ಪಾಲಿಕೆ ಎಂದು ಕೇಳಬೇಡಿ, ಪಿಂಚಣಿ ಇನ್ನೂ ಬರುತ್ತಿದೆ. ಮೊನ್ನೆ ಹಳೇ ಟ್ರಂಕು ತೆಗೆದಾಗ ಸಿಕ್ಕ ಜೆರಾಕ್ಸ್ ಪ್ರತಿಗಳನ್ನು, ಮಗನ ಮದುವೆ ಫೋಟೋ ತೋರಿಸುವಷ್ಟೇ ಅಭಿಮಾನದಿಂದ ನನ್ನ ಮುಂದೆ ಹರಡಿದರು. ಬ್ಲೀಚಿಂಗ್ ಪೌಡರ್ ಖರೀದಿಗೆ ಬಂದ ಮೂರು ಕೊಟೇಶನ್. ಮೂರು ಲೆಟರ್‌ಹೆಡ್, ಮೂರು ದೇವರ ಹೆಸರು. ಒಬ್ಬ ಚೀಲಕ್ಕೆ 480 ರೂಪಾಯಿ ಅಂದಿದ್ದಾನೆ, ಇನ್ನೊಬ್ಬ 495, ಮತ್ತೊಬ್ಬ 510. ಪೈಪೋಟಿ ಕಣ್ಣಿಗೆ ಕಟ್ಟುವಂತಿತ್ತು. ಆದರೆ ಮೂವರೂ ‘ಪೌಡರ್’ ಅನ್ನು ‘ಪೌಂಡರ್’ ಎಂದೇ ಬರೆದಿದ್ದರು. ಮೂಲ ಪ್ರತಿಗಳಲ್ಲಿ ಆ ಅಕ್ಷರವೆಲ್ಲ ಸಾಹೇಬರ ಹಸಿರು ಶಾಯಿಯದಂತೆ.

“ಮೂರೂ ಒಬ್ಬನದೇ ಅಲ್ಲವೇ ಸಾರ್?” ಎಂದೆ.

“ಛೆ ಛೆ! ಅಣ್ಣ, ತಮ್ಮ, ಭಾಮೈದ. ಶಟರ್ ಮಾತ್ರ ಒಂದೇ. ಒಂದೇ ಮನೆಯವರ ನಡುವೆ ಇರೋ ಪೈಪೋಟಿ ಹೊರಗಿನವರಲ್ಲಿ ಎಲ್ಲಿರುತ್ತೆ ಹೇಳಿ?”

ಅರ್ಧ ಗುಂಟೆಗೆ ಇಪ್ಪತ್ತು ವರ್ಷ ಕೋರ್ಟು ಅಲೆದ ದಾಯಾದಿಗಳನ್ನು ಕಂಡ ನನಗೆ ಉತ್ತರ ತೋಚಲಿಲ್ಲ.

ಕಾನೂನೇ ಇಲ್ಲ ಅಂದುಕೊಳ್ಳಬೇಡಿ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರದು. ಕಚೇರಿಯ ಬಾಯಲ್ಲಿ ಕೆಟಿಪಿಪಿ. ಅದರಡಿ 2000ದಲ್ಲಿ ಬಂದ ನಿಯಮಗಳು, ಎರಡು ಕೋಟಿವರೆಗಿನ ಟೆಂಡರ್‌ಗೆ 30 ದಿನ, ಅದಕ್ಕೆ ಮೇಲ್ಪಟ್ಟರೆ 60 ದಿನ ಕಾಲಾವಕಾಶ ಕೊಡಿ ಎಂದವು. ಮೇಲಧಿಕಾರಿ ಕಾರಣ ಬರೆದರೆ ಕಡಿಮೆ ಮಾಡಬಹುದು ಎಂದೂ ಸೇರಿಸಿದವು. ಆ ಕಿಂಡಿಯಿಂದ ನುಸುಳಿ ಬಂದದ್ದೇ ಅಲ್ಪಾವಧಿ ಟೆಂಡರ್. ಕಾರಣ? ‘ಮಳೆಗಾಲ ಸಮೀಪಿಸುತ್ತಿರುವುದರಿಂದ.’ ಜೂನ್‌ನಲ್ಲಿ ಮುಂಗಾರು ಬರಲಿದೆ ಎಂಬ ಗುಪ್ತ ಮಾಹಿತಿ ಪಾಲಿಕೆಗೆ ತಲುಪುವುದು ಪ್ರತಿವರ್ಷ ಮೇ ಕೊನೇ ವಾರದಲ್ಲೇ. ತರಾತುರಿಯಲ್ಲಿ ಚರಂಡಿಯ ಹೂಳೆತ್ತಿ ದಡದ ಮೇಲೇ ಗುಡ್ಡೆ ಹಾಕುತ್ತಾರೆ. ಮೊದಲ ಮಳೆ ಅದನ್ನು ಟೆಂಡರ್ ಕೂಗದೆ, ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟದೆ, ಪುಕ್ಕಟೆಯಾಗಿ ಮತ್ತೆ ಚರಂಡಿಗೆ ತುಂಬಿ ಹೋಗುತ್ತದೆ.

ಅಲ್ಪಾವಧಿಯೂ ದೀರ್ಘ ಎನಿಸುವವರಿಗೆ ಕಲಂ 4(ಜಿ) ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿದರಾಯಿತು, ಆ ಖರೀದಿಗೆ ಟೆಂಡರ್ ಗೊಡವೆಯೇ ಇಲ್ಲ. ಜನರ ಮೊಬೈಲು 5ಜಿಗೆ ಹೋಗಿದೆ. ಕಡತಗಳಿಗೆ ಇಂದಿಗೂ 4ಜಿಯಲ್ಲೇ ಸ್ಪೀಡು.

“ಮೊತ್ತ ಜಾಸ್ತಿ ಆಗಿ ಮೇಲಿನವರ ಮಂಜೂರಾತಿ ಬೇಕಾದರೆ?”

“ಕಡುಬು ದೊಡ್ಡದಾದರೆ ಮುರಿದು ತಿನ್ನಲ್ವೇ?” ಅಂದರು. ನಮ್ಮ ಬೀದಿ ನಕ್ಷೆಯಲ್ಲಿ ಒಂದು, ಕಡತದಲ್ಲಿ ನಾಲ್ಕು. ಗಣಪತಿ ಗುಡಿಯಿಂದ ಹಾಲಿನ ಬೂತ್‌ವರೆಗೆ ಒಂದು ಕಾಮಗಾರಿ, ಬೂತ್‌ನಿಂದ ಟ್ರಾನ್ಸ್‌ಫಾರ್ಮರ್‌ವರೆಗೆ ಇನ್ನೊಂದು. ಪೇಪರಿನವರು ಇದಕ್ಕೆ ತುಂಡು ಗುತ್ತಿಗೆ ಎನ್ನುತ್ತಾರೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಡಾಂಬರು ಏಕೆ ಕೂಡಿಕೊಂಡಿಲ್ಲ ಎಂಬುದು ನನಗೆ ಅಂದೇ ಹೊಳೆದದ್ದು.

“ಈಗ ಎಲ್ಲ ಆನ್‌ಲೈನ್ ಟೆಂಡರ್. ಆ ಹಸಿರು ಶಾಯಿ ಕಾಲ ಮುಗಿಯಿತಲ್ಲ?”

“ಮುಗೀತು. ಈಗ ಷರತ್ತಿನಲ್ಲೇ ಕೆಲಸ ಮುಗಿಸ್ತಾರೆ.”

ಅಂದರೆ, ಅಳಿಯನನ್ನು ಎದುರಿಗೆ ನಿಲ್ಲಿಸಿಕೊಂಡು ಅಳತೆ ತೆಗೆದು ಕೋಟು ಹೊಲಿಸುವುದು. ಆಮೇಲೆ, ಈ ಕೋಟು ಯಾರ ಮೈಗೆ ಸರಿಹೋಗುತ್ತದೋ ಅವನಿಗೇ ಮಗಳು ಎಂದು ಊರ ತುಂಬ ಡಂಗುರ ಹೊಡೆಸುವುದು. ಪಾರದರ್ಶಕತೆಗೆ ಎಲ್ಲಿಯ ಭಂಗ? ಡಂಗುರ ಎಲ್ಲರಿಗೂ ಕೇಳಿಸಿತಲ್ಲ.

ಗುಮಾಸ್ತರ ಬೀಳ್ಕೊಡುಗೆಯ ಹಾರಕ್ಕೂ ಮೂರು ಕೊಟೇಶನ್ ತರಿಸಿದ್ದರಂತೆ. ಎಲ್-1, ಅಂದರೆ ಅತಿ ಕಡಿಮೆ ದರದ ಹಾರವೇ ಬಂತು. ಕೊರಳಿಗೆ ಹಾಕಿ ಚಪ್ಪಾಳೆ ತಟ್ಟುವಷ್ಟರಲ್ಲಿ ದಾರ ಕಿತ್ತು ಸೇವಂತಿಗೆಯೆಲ್ಲ ವೇದಿಕೆ ತುಂಬ ಚೆಲ್ಲಿತಂತೆ.

“ಹಾಗಾದರೆ ಬಿಲ್?”

“ಪಾಸಾಯ್ತು. ಕಿತ್ತು ಹೋಗೋ ಮುಂಚೆ ಫೋಟೋ ತೆಗೆದಿದ್ರಲ್ಲ.”