ನಾನೂ ಡೈವೋರ್ಸಿಯೇ, ಆದರೆ ಯಾರೂ ಹಾಗೆ ಕರೆಯಲ್ಲ

ಮೊನ್ನೆ ಅಕ್ಕನ ಮಗಳು ಫೋನ್ ಮಾಡಿ, "ಮಾಮ, ಇಂಗ್ಲಿಷಲ್ಲಿ ಡೈವೋರ್ಸಿ ಅಂತ ಬರೆಯುವಾಗ ಕೊನೇಲಿ ಒಂದು ‘ಇ’ನಾ ಎರಡು ‘ಇ’ನಾ? ಅದು ಹೆಂಗಸರಿಗೆ ಮಾತ್ರನಾ?" ಅಂತ ಕೇಳಿದಳು. ಬ್ರಿಟನ್ನಿನ ದೊರೆ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟ ಪ್ರಸಂಗದ ಬಗ್ಗೆ ಕಾಲೇಜಿಗೆ ಏನೋ ಬರೆಯಬೇಕಿತ್ತಂತೆ. ಕೇಳಿ ಮುಗಿಸಿದ ಮೇಲೆ, ಯಾರನ್ನು ಕೇಳುತ್ತಿದ್ದೇನೆ ಅನ್ನೋದು ಹೊಳೆದಿರಬೇಕು. "ಅಯ್ಯೋ, ಸಾರಿ ಮಾಮ" ಅಂದಳು. ನನಗೆ ನಗು ಬಂತು. ಸರಿಯಾದ ಕಡೆಗೇ ಫೋನ್ ಮಾಡಿದ್ದೀಯ ಬಿಡು ಅಂದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ನನಗೆ ಡೈವೋರ್ಸ್ ಆಗಿ ಒಂಬತ್ತು ವರ್ಷ. ಇಷ್ಟು ವರ್ಷದಲ್ಲಿ ನನ್ನನ್ನು ಒಬ್ಬರೂ ‘ಡೈವೋರ್ಸಿ’ ಅಂದದ್ದಿಲ್ಲ. "ಪಾಪ, ಒಬ್ಬನೇ ಇದ್ದಾನೆ" ಅಂದಿದ್ದಾರೆ, "ಊಟಕ್ಕೆ ಏನು ಮಾಡ್ಕೋತಾನೋ" ಅಂದಿದ್ದಾರೆ. ಒಬ್ಬರಂತೂ "ಬ್ಯಾಚುಲರ್ ಲೈಫು" ಅಂತ ಕಣ್ಣು ಹೊಡೆದರು. ನನ್ನ ಮಾಜಿ ಹೆಂಡತಿಗೂ ನನಗೂ ಅದೇ ದಿನ, ಅದೇ ಕೋರ್ಟು, ಅದೇ ಒಂದು ಹಾಳೆಯಲ್ಲಿ ಆದೇಶ. ಆದರೆ ಅವಳು ಹೊಸ ಕೆಲಸಕ್ಕೆ ಸೇರಿದ ವಾರದೊಳಗೆ ಅಲ್ಲಿಯವರ ಬಾಯಲ್ಲಿ ಅವಳ ಹೆಸರಿನ ಹಿಂದೆ ಈ ಪದ ಸೇರಿಕೊಂಡಿತ್ತು ಅಂತ ಇಬ್ಬರಿಗೂ ಪರಿಚಯವಿದ್ದ ಗೆಳೆಯನೊಬ್ಬ ಹೇಳಿದ್ದ. ಆಗ ಕೇಳಿ ಸುಮ್ಮನಾಗಿದ್ದೆ. ಸುಮ್ಮನಾಗುವುದು ನನಗೆ ಸುಲಭವಿತ್ತು ನೋಡಿ.

ಹುಡುಗಿ ಕೇಳಿದ ಪ್ರಶ್ನೆಗೆ ಬರೋಣ. ಪದ ಫ್ರೆಂಚಿನದು. ಅಲ್ಲಿ ಗಂಡಿಗಾದರೆ ಕೊನೆಯಲ್ಲಿ ಒಂದೇ ‘ಇ’, ಅದರ ತಲೆಯ ಮೇಲೊಂದು ಓರೆ ಗೀಟು. ಹೆಣ್ಣಿಗಾದರೆ ಅದರ ಪಕ್ಕ ಇನ್ನೊಂದು ‘ಇ’. ಮದುವೆ ನಿಶ್ಚಯವಾದವರಿಗೆ ಹೇಳುವ ಫಿಯಾನ್ಸೆ ಅನ್ನುವ ಪದದ್ದೂ ಇದೇ ಕಥೆ. ಫ್ರೆಂಚರು ಇದನ್ನು ಇಬ್ಬರಿಗೂ ಸಮನಾಗಿ ಹಂಚುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಹೆಣ್ಣಿನ ರೂಪವೇ ಹೆಚ್ಚು ಚಲಾವಣೆಗೆ ಬಂತು. ಈಗ ಬ್ರಿಟಿಷ್ ನಿಘಂಟುಗಳಲ್ಲಿ ಎರಡು ‘ಇ’ ಇರುವ, ಗೀಟಿಲ್ಲದ ರೂಪ ಯಾರಿಗಾದರೂ ಆದೀತು. ಅಮೆರಿಕದಲ್ಲಿ ಮಾತ್ರ ಅದು ಇಂದಿಗೂ ಹೆಚ್ಚಾಗಿ ಹೆಂಗಸಿಗೇ. ಉಚ್ಚಾರಣೆಯೂ ಬೇರೆ, ಬ್ರಿಟನ್ನಿನವರು ‘ಸೀ’ ಅಂತ ಮುಗಿಸಿದರೆ ಅಮೆರಿಕದವರು ‘ಸೇ’ ಅನ್ನುತ್ತಾರೆ. ನಾವು ಎರಡನ್ನೂ ಬಿಟ್ಟು ‘ಸಿ’ ಅಂತ ಗಿಡ್ಡ ಮಾಡಿಕೊಂಡಿದ್ದೇವೆ.

ಆ ಗೀಟು ಉದುರಿದ್ದರಿಂದ ಒಂದು ಎಡವಟ್ಟಾಗಿದೆ. ಇಂಗ್ಲಿಷಿನಲ್ಲಿ ಕೊನೆಗೆ ‘ಈ’ ಬರುವ ಪದಗಳ ದೊಡ್ಡ ಸಾಲೇ ಇದೆ, ಬಹಳಷ್ಟು ಹಳೆಯ ಕೋರ್ಟು ಭಾಷೆಯ ಕೊಡುಗೆ. ಎಂಪ್ಲಾಯರ್ ಕೆಲಸ ಕೊಡುವವನು, ಎಂಪ್ಲಾಯೀ ಕೆಲಸಕ್ಕೆ ಇಟ್ಟುಕೊಂಡವನು. ‘ಅರ್’ ಮಾಡುವವನು, ‘ಈ’ ಮಾಡಿಸಿಕೊಳ್ಳುವವನು. ಡೈವೋರ್ಸಿ ಆ ಸಾಲಿಗೆ ಹುಟ್ಟಿದ ಪದ ಅಲ್ಲದಿದ್ದರೂ ಕಿವಿಗೆ ಅಲ್ಲಿಯದೇ ಅನ್ನಿಸುತ್ತದೆ. ಯಾರೋ ಡೈವೋರ್ಸ್ ಮಾಡಿದರು, ಇವಳು ಮಾಡಿಸಿಕೊಂಡಳು ಅನ್ನುವ ಹಾಗೆ. ಹಾಗಾದರೆ ಮಾಡಿದವನನ್ನು ಏನನ್ನಬೇಕು, ಡೈವೋರ್ಸರ್ರಾ? ಆ ಪದವನ್ನು ಯಾರ ಬಾಯಲ್ಲೂ ನಾನು ಕೇಳಿಲ್ಲ. (ನಮ್ಮ ವಿಷಯದಲ್ಲಿ ಅರ್ಜಿ ಹಾಕಿದ್ದು ಅವಳು. ಆ ಲೆಕ್ಕದಲ್ಲಿ ‘ಈ’ ನನ್ನ ಪಾಲಿನದು.)

ಕನ್ನಡದಲ್ಲಿ ನಾವೇನೂ ಸಾಚಾಗಳಲ್ಲ. ‘ವಿಚ್ಛೇದಿತೆ’ಯಲ್ಲಿ ಇರುವುದು ಕಡಿಯುವ ಧಾತು, ಅಂದರೆ ಕಡಿಯಲ್ಪಟ್ಟವಳು. ‘ಪರಿತ್ಯಕ್ತೆ’ ಇದ್ದಾಳೆ, ‘ಪರಿತ್ಯಕ್ತ’ ಅಂತ ಯಾವ ಗಂಡಸಿನ ಬಗ್ಗೆಯಾದರೂ ಓದಿದ್ದೀರಾ? ಇನ್ನು ‘ಗಂಡ ಬಿಟ್ಟವಳು’ ಅನ್ನುವ ಮಾತಿನ ಚಮತ್ಕಾರ ನೋಡಿ. ಗಂಡ ಅವಳನ್ನು ಬಿಟ್ಟನೋ, ಅವಳೇ ಗಂಡನನ್ನು ಬಿಟ್ಟಳೋ, ವ್ಯಾಕರಣ ಬಾಯಿ ಬಿಡುವುದಿಲ್ಲ. ಎರಡೂ ಕಡೆಯಿಂದ ಅವಳೇ ಸಿಕ್ಕಿಬೀಳುತ್ತಾಳೆ. ಮದುವೆ ಜಾಹೀರಾತುಗಳಲ್ಲಿ ‘ಇನೊಸೆಂಟ್ ಡೈವೋರ್ಸಿ’ ಅಂತ ಬೇರೆ ಹಾಕುತ್ತಾರೆ. ಬರೀ ಡೈವೋರ್ಸಿ ಅಂದರೆ ಅಪರಾಧಿ ಅಂತಲೇ?

ಡೈವೋರ್ಸ್ ಅನ್ನುವುದರ ಮೂಲದಲ್ಲಿರುವ ಲ್ಯಾಟಿನ್ ಪದದ ಮೊದಲ ಅರ್ಥ ಮಾತ್ರ ಕಡಿಯುವುದೂ ಅಲ್ಲ, ಬಿಡುವುದೂ ಅಲ್ಲ. ‘ದಿವೋರ್ತಿಯುಂ’ ಅಂದರೆ ಬೇರೆ ಕಡೆಗೆ ತಿರುಗುವುದು. ದಾರಿ ಕವಲೊಡೆಯುವ ಜಾಗಕ್ಕೂ ಅದೇ ಪದ, ಬೆಟ್ಟದ ನೆತ್ತಿಯಲ್ಲಿ ನೀರು ಎರಡು ಕಡೆಗೆ ಹರಿದು ಹೋಗುವ ಜಾಗಕ್ಕೂ ಅದೇ. ಇದು ಗೊತ್ತಾದ ದಿನ ನನಗೆ ಸುಮ್ಮಸುಮ್ಮನೆ ಸಮಾಧಾನವಾಗಿತ್ತು.

ಹುಡುಗಿಯ ಕಥಾನಾಯಕಿ ವಾಲಿಸ್ ಸಿಂಪ್ಸನ್. 1936ರ ಡಿಸೆಂಬರಿನಲ್ಲಿ ಎಡ್ವರ್ಡ್ ಪಟ್ಟ ಬಿಟ್ಟದ್ದು ಈಕೆಯನ್ನು ಮದುವೆಯಾಗಲು. ಅಂದಿನಿಂದ ಇಂದಿನವರೆಗೆ ಆಕೆಯ ಹೆಸರಿಗೆ ‘ಅಮೆರಿಕನ್ ಡೈವೋರ್ಸಿ’ ಅನ್ನೋದು ಬಿರುದಿನ ಹಾಗೆ ಅಂಟಿಕೊಂಡಿದೆ. ಅವಳ ಎರಡನೇ ಗಂಡ ಅರ್ನೆಸ್ಟ್ ಸಿಂಪ್ಸನ್ ಕೂಡ ಮೊದಲ ಹೆಂಡತಿಗೆ ಡೈವೋರ್ಸ್ ಕೊಟ್ಟೇ 1928ರಲ್ಲಿ ಇವಳನ್ನು ಮದುವೆಯಾಗಿದ್ದು. ಅವನನ್ನು ಕೇಳುವವರಿಲ್ಲ. ಅದೇ ಮನೆತನದ ಈಗಿನ ದೊರೆ ಚಾರ್ಲ್ಸ್‌ಗೆ 1996ರಲ್ಲಿ ಡೈವೋರ್ಸ್ ಆಗಿದೆ. ‘ಡೈವೋರ್ಸಿ ದೊರೆ’ ಅನ್ನುವ ಶೀರ್ಷಿಕೆ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಪದವನ್ನು ನಿಷೇಧಿಸಿ ಅಂತ ನಾನು ಹೇಳುತ್ತಿಲ್ಲ. "ಹೌದು, ಡೈವೋರ್ಸಿ, ಏನೀಗ?" ಅಂತ ತಾವೇ ಎದೆಯೆತ್ತಿ ಹೇಳಿಕೊಳ್ಳುವ ಹೆಂಗಸರಿದ್ದಾರೆ, ಅದು ಅವರ ಹಕ್ಕು. ನನ್ನ ತಕರಾರು ಬೇರೆಯವರ ಬಾಯಿಯ ಬಗ್ಗೆ. ‘ಅವರಿಗೆ ಡೈವೋರ್ಸ್ ಆಗಿದೆ’ ಅಂದರೆ ಒಂದು ಕಾಲದಲ್ಲಿ ನಡೆದ ಸಂಗತಿ, ಹಲ್ಲು ಕೀಳಿಸಿಕೊಂಡ ಹಾಗೆ. ‘ಅವರು ಡೈವೋರ್ಸಿ’ ಅಂದರೆ ಆ ಮನುಷ್ಯಳೇ ಅದು. ಇದು ಮುಗಿಯುವುದಾದರೂ ಯಾವಾಗ? ಜ್ವರ ಬಂದವನು ಹತ್ತು ವರ್ಷವಾದರೂ ಜ್ವರದವನಾಗೇ ಉಳಿಯುತ್ತಾನಾ? ಹೇಳಲೇಬೇಕಾದ ಸಂದರ್ಭ ಬಂದರೆ, ಬರುವುದು ಅಪರೂಪ, ‘ಡೈವೋರ್ಸ್ ಆಗಿದೆ’ ಅನ್ನೋಕೆ ಏನು ಕಷ್ಟ?

ರಾತ್ರಿ ಹುಡುಗಿ ತಾನು ಬರೆದದ್ದನ್ನು ವಾಟ್ಸಾಪ್‌ನಲ್ಲಿ ಕಳಿಸಿದಳು. ಆ ಪದ ಇದ್ದ ವಾಕ್ಯವನ್ನು ತೆಗೆದು, ‘1928ರಲ್ಲಿ ಮದುವೆಯಾಗುವ ಹೊತ್ತಿಗೆ ವಾಲಿಸ್‌ಗೂ ಅರ್ನೆಸ್ಟ್‌ಗೂ ಒಂದೊಂದು ಸಲ ಡೈವೋರ್ಸ್ ಆಗಿತ್ತು’ ಅನ್ನುವ ಅರ್ಥದಲ್ಲಿ ತಿದ್ದಿದ್ದಳು. ಕೆಳಗೆ ಒಂದು ಸಾಲು: "ಮಾಮ, ಇದನ್ನ ಅತ್ತೆಗೂ ಕಳಿಸ್ಲಾ?" ಅವಳಿಗೆ ನನ್ನ ಮಾಜಿ ಹೆಂಡತಿ ಇವತ್ತಿಗೂ ಅತ್ತೆಯೇ. ಕಳಿಸು ಅಂದೆ.